ಸುರುಳಿ ಗೀರು ತೆಗೆಯುವ ಪಾಲಿಶಿಂಗ್ ಯಂತ್ರ: 8 ತಿಂಗಳ ಬಳಕೆಯ ನಂತರ

8 ತಿಂಗಳ ಹಿಂದೆ ನಾನು ಕೊಂಡದ್ದು ಕಾರಿನ ಮೈ ಪಾಲಿಶ್ ಮಾಡುವ ಒಂದು ಡ್ಯುಯಲ್ ಆಕ್ಷನ್ ಪಾಲಿಶಿಂಗ್ ಯಂತ್ರದ ಕಿಟ್. ಪೆಟ್ಟಿಗೆಯಲ್ಲಿ 15 ಮಿ.ಮೀ. ಥ್ರೋ (ಪ್ಯಾಡ್ ಓಲಾಡುವ ವೃತ್ತದ ವ್ಯಾಸ) ಇರುವ ಯಂತ್ರ, ಪ್ಯಾಡ್ ಅಂಟಿಸುವ 5 ಇಂಚಿನ ಬ್ಯಾಕಿಂಗ್ ಪ್ಲೇಟ್, ಮೂರು ಫೋಮ್ ಪ್ಯಾಡ್‌ಗಳು, ಗೀರು ತೆಗೆಯುವ ಕಾಂಪೌಂಡಿನ, ಅಂದರೆ ಸಾಣೆಕಣಗಳಿರುವ ದ್ರವದ, ಒಂದು ಬಾಟಲಿ, ಕೊನೆಯ ಹೊಳಪಿಗೆಂದು ಇನ್ನೊಂದು ಬಾಟಲಿ ಮತ್ತು ಒಂದೇ ಹಾಳೆಯ ಸೂಚನಾ ಪತ್ರ ಇದ್ದವು. ಇವುಗಳಲ್ಲಿ ಯಂತ್ರ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿದೆ, ಪ್ಯಾಡ್‌ಗಳು ಸಾಧಾರಣ, ಎರಡನೆಯ ಬಾಟಲಿ ದಾರಿ ತಪ್ಪಿಸುವಂಥದ್ದು, ಸೂಚನಾ ಪತ್ರವಂತೂ ಹೇಳಲೇಬೇಕಾದದ್ದನ್ನೇ ಬಿಟ್ಟಿದೆ. ಈ ಒಂದೊಂದನ್ನೂ ವಿವರವಾಗಿ ಬರೆಯಬೇಕೆನ್ನಿಸಿತು, ಏಕೆಂದರೆ ಮನೆಯಲ್ಲೇ ಪಾಲಿಶ್ ಕಲಿಯಲು ಹೊರಡುವವರು ಹೆಚ್ಚಾಗಿ ಇಂಥದೇ ಕಿಟ್‌ನಿಂದ ಆರಂಭಿಸುತ್ತಾರೆ, ಮತ್ತು ಮೊದಲ ದಿನ ಕೆಲಸ ಕೆಟ್ಟರೆ ತಪ್ಪು ತಮ್ಮ ಕೈಯದೋ ಸಾಮಾನಿನದೋ ಎಂಬುದು ತಿಳಿಯದೆ ಯಂತ್ರವನ್ನು ಮೂಲೆಗೆ ಸೇರಿಸಿಬಿಡುತ್ತಾರೆ.

ನನ್ನ ಕಾರಿನ ಬಣ್ಣ ಕಪ್ಪು, ವಯಸ್ಸು ಏಳು ವರ್ಷ. ನೆರಳಿನಲ್ಲಿ ನಿಂತಾಗ ಅದರಲ್ಲಿ ಹೇಳಿಕೊಳ್ಳುವಂಥ ಕುಂದೇನೂ ಕಾಣುತ್ತಿರಲಿಲ್ಲ. ಬಿಸಿಲಿಗೆ ಬಂದರೆ ಮಾತ್ರ, ಬಾನೆಟ್ಟಿನ ಮೇಲೆ ಸೂರ್ಯನ ಬಿಂಬ ಎಲ್ಲಿ ಬೀಳುತ್ತದೋ ಅದರ ಸುತ್ತ ಜೇಡರ ಬಲೆಯಂತೆ ನೂರಾರು ನವಿರು ಗೀರುಗಳು ಹೊಳೆಯುತ್ತಿದ್ದವು. ಸುರುಳಿ ಗೀರು ಎಂದು ಎಲ್ಲರೂ ಕರೆಯುವ ಇವು ವಾಸ್ತವದಲ್ಲಿ ಸುರುಳಿಯಾಗಿ ಬಿದ್ದವುಗಳಲ್ಲ ಎಂಬುದು ಟಾರ್ಚ್ ಹಿಡಿದು ನೋಡಿದಾಗಲೇ ನನಗೆ ಅರ್ಥವಾದದ್ದು. ಗೀರುಗಳು ಎಲ್ಲ ದಿಕ್ಕಿಗೂ ಚೆಲ್ಲಿಕೊಂಡಿರುತ್ತವೆ. ಬೆಳಕಿಗೆ ಅಡ್ಡಲಾಗಿ ಬಿದ್ದಿರುವ ಗೀರುಗಳು ಮಾತ್ರ ಆ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುವುದರಿಂದ ಅವೆಲ್ಲ ಸೇರಿ ವೃತ್ತದಂತೆ ತೋರುತ್ತವೆ. ಟಾರ್ಚನ್ನು ಒಂದಡಿ ಆಚೆ ಸರಿಸಿದರೆ ವೃತ್ತವೂ ಅದರ ಜೊತೆಗೇ ಆಚೆ ಸರಿಯುತ್ತದೆ. ಧೂಳು ಕುಳಿತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಿದ್ದು, ಒಂದೇ ಬಕೆಟ್ಟಿನ ಕೊಳೆ ನೀರಿಗೆ ಮತ್ತೆ ಮತ್ತೆ ಅದ್ದಿದ ಸ್ಪಂಜಿನಿಂದ ಉಜ್ಜಿದ್ದು, ಇವೇ ಈ ಗೀರುಗಳಿಗೆ ಕಾರಣ. ಏಳು ವರ್ಷ ಆ ಒಣ ಬಟ್ಟೆ ಹಿಡಿದವನು ನಾನೇ ಆದ್ದರಿಂದ ಅದನ್ನು ಸರಿಪಡಿಸುವ ಹೊಣೆಯೂ ನನ್ನದೇ ಎನ್ನಿಸಿತ್ತು.

ಯಂತ್ರದ ಗುಣದೋಷ ಹೇಳುವ ಮೊದಲು ಅದು ಮಾಡುವ ಕೆಲಸವೇನೆಂಬುದನ್ನು ಸ್ಪಷ್ಟಪಡಿಸಬೇಕು. 1980ರ ದಶಕದಿಂದೀಚೆಗೆ ರೂಢಿಗೆ ಬಂದ ಪದ್ಧತಿಯಂತೆ ಈಗಿನ ಬಹುಪಾಲು ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿದರೆ ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲಿನ ಒಂದು ಎಳೆ ಇದಕ್ಕಿಂತ ದಪ್ಪವಿರುತ್ತದೆ. ಸುರುಳಿ ಗೀರುಗಳು ಈ ಪಾರದರ್ಶಕ ಪದರದ ಮೇಲ್ಮೈಯಲ್ಲಷ್ಟೇ ಇರುತ್ತವೆ, ಮತ್ತು ಪಾಲಿಶ್ ಮಾಡುವುದೆಂದರೆ ಗೀರಿನೊಳಗೆ ಏನನ್ನೋ ತುಂಬುವುದಲ್ಲ, ಗೀರಿನ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ಪದರವನ್ನು ತೇಯ್ದು ಸಮ ಮಾಡುವುದು. ಒಮ್ಮೆ ತೇಯ್ದದ್ದು ಮತ್ತೆ ಬರುವುದಿಲ್ಲ. ಸೂರ್ಯನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವ ಪದರವೂ ಅದೇ ಆಗಿರುವುದರಿಂದ ಎಷ್ಟು ಕಡಿಮೆ ತೇಯ್ದರೆ ಅಷ್ಟು ಒಳ್ಳೆಯದು. ಕಿಟ್‌ನ ಸೂಚನಾ ಪತ್ರದಲ್ಲಿ ಈ ಮಾತು ಎಲ್ಲಿಯೂ ಇಲ್ಲ; ‘ಹೊಳಪು ಬರುವವರೆಗೆ ಮುಂದುವರಿಸಿ’ ಎಂದಷ್ಟೇ ಬರೆದಿದೆ. ಹೊಸಬರ ಕೈಗೆ ಕೊಡುವ ಪತ್ರದಲ್ಲಿ ಇದಕ್ಕಿಂತ ಅಪಾಯದ ವಾಕ್ಯ ಇರಲಾರದು ಎಂದು ನಾನು ಗಂಭೀರವಾಗಿಯೇ ಹೇಳುತ್ತೇನೆ.

ಪಾಲಿಶಿಂಗ್ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ರೋಟರಿ ಯಂತ್ರದ ಪ್ಯಾಡ್ ಒಂದೇ ಅಕ್ಷದ ಮೇಲೆ ಗಿರಗಿರನೆ ತಿರುಗುತ್ತದೆ; ಬೇಗ ತೇಯುತ್ತದೆ, ಬೇಗ ಕಾಯುತ್ತದೆ, ಕೈ ಪಳಗದಿದ್ದರೆ ಬಣ್ಣವನ್ನು ಸುಡುತ್ತದೆ, ಇಲ್ಲವೇ ಹೊಲೊಗ್ರಾಮ್ ಎಂದು ಕರೆಯುವ ಬಾಲದಂಥ ಗುರುತುಗಳನ್ನು ಉಳಿಸುತ್ತದೆ. ಡ್ಯುಯಲ್ ಆಕ್ಷನ್, ಅಂದರೆ ಬಳಸುವವರು ಚಿಕ್ಕದಾಗಿ ಡಿ.ಎ. ಎನ್ನುವ ಯಂತ್ರದಲ್ಲಿ ಪ್ಯಾಡ್ ತನ್ನಷ್ಟಕ್ಕೆ ತಿರುಗುವುದರ ಜೊತೆಗೆ ಒಂದು ಚಿಕ್ಕ ವೃತ್ತದಲ್ಲಿ ಓಲಾಡುತ್ತದೆ. ಆ ವೃತ್ತದ ವ್ಯಾಸವೇ ಥ್ರೋ. ಹಳೆಯ ಡಿ.ಎ. ಯಂತ್ರಗಳಲ್ಲಿ ಅದು 8 ಮಿ.ಮೀ. ಆಸುಪಾಸು ಇರುತ್ತಿತ್ತು, ಇಟಲಿಯ ರುಪೆಸ್ ಕಂಪನಿಯ ಬಿಗ್‌ಫುಟ್ ಸರಣಿಯ ನಂತರ 15 ಮತ್ತು 21 ಮಿ.ಮೀ. ಥ್ರೋ ಜನಪ್ರಿಯವಾದವು. ಥ್ರೋ ಹೆಚ್ಚಿದಷ್ಟೂ ಕೆಲಸ ಬೇಗ ಸಾಗುತ್ತದೆ, ಆದರೆ ಉಬ್ಬುತಗ್ಗಿರುವ ಜಾಗದಲ್ಲಿ ಯಂತ್ರವನ್ನು ಹಿಡಿತದಲ್ಲಿಡುವುದು ಕಷ್ಟ. ಕಲಿಯುವವರಿಗೆ 15 ಮಿ.ಮೀ. ಸರಿಯಾದ ಮಧ್ಯದಾರಿ ಎಂಬುದು ಈ 8 ತಿಂಗಳಲ್ಲಿ ನನಗೆ ಮನವರಿಕೆಯಾಗಿದೆ.

ಕಾರಿನ ಮೇಲೆ ಕೈ ಹಾಕುವ ಮೊದಲು ನಾನು ಗುಜರಿಯಿಂದ ಒಂದು ಹಳೆಯ ಬಾನೆಟ್ ತಂದೆ. ಈ ಕಲಿಕೆಯಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ ಅದೊಂದೇ ಇರಬಹುದು. ಮೊದಲ ಅರ್ಧ ಗಂಟೆ ಯಂತ್ರ ಜೋರಾಗಿ ಅದುರಿತು, ಪ್ಯಾಡ್ ಬಿಸಿಯಾಯಿತು, ಕಾಂಪೌಂಡ್ ಎಲ್ಲೆಡೆ ಬಳಿದುಕೊಂಡಿತು, ಆದರೆ ಒರೆಸಿ ನೋಡಿದರೆ ಗೀರುಗಳು ಇದ್ದ ಹಾಗೆಯೇ ಇದ್ದವು. ಯಂತ್ರವೇ ಸರಿಯಿಲ್ಲವೆಂದುಕೊಂಡು ಅದನ್ನು ಹಿಂದಿರುಗಿಸುವ ಯೋಚನೆಯನ್ನೂ ಮಾಡಿದ್ದೆ. ಆಮೇಲೆ, ಅನುಭವಿಗಳು ಹೇಳುವ ಒಂದು ಸರಳ ಉಪಾಯದಂತೆ, ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಕಪ್ಪು ಮಾರ್ಕರ್ ಪೆನ್ನಿನಿಂದ ಒಂದು ದಪ್ಪ ಗೆರೆ ಎಳೆದು ಯಂತ್ರ ಚಾಲು ಮಾಡಿದೆ. ಗೆರೆ ನಿಂತಲ್ಲೇ ನಡುಗುತ್ತಿತ್ತು, ತಿರುಗುತ್ತಿರಲಿಲ್ಲ. ಡಿ.ಎ. ಯಂತ್ರದ ಪ್ಯಾಡನ್ನು ಗೇರ್ ತಿರುಗಿಸುವುದಿಲ್ಲ. ಓಲಾಟದ ರಭಸಕ್ಕೆ ಅದು ತಾನಾಗಿಯೇ ತಿರುಗಬೇಕು. ನಾನು ಗಟ್ಟಿಯಾಗಿ ಒತ್ತುತ್ತಿದ್ದುದರಿಂದಲೂ, ಪ್ಯಾಡನ್ನು ತುಸು ಓರೆಯಾಗಿ ಹಿಡಿದಿದ್ದರಿಂದಲೂ ಅದು ನಿಂತುಬಿಟ್ಟಿತ್ತು. ಒತ್ತಡ ಸಡಿಲಿಸಿ ಪ್ಯಾಡನ್ನು ಮೇಲ್ಮೈಗೆ ಸಮತಟ್ಟಾಗಿ ಕೂರಿಸಿದ ಕ್ಷಣವೇ ಆ ಕಪ್ಪು ಗೆರೆ ಮೆಲ್ಲಗೆ ಸುತ್ತತೊಡಗಿತು, ಯಂತ್ರದ ಗೊರಗೊರ ಸದ್ದು ಒಂದೇ ಹದದ ಗುಂಯ್‌ಗುಡುವಿಕೆಗೆ ಇಳಿಯಿತು. ಅಂದಿನಿಂದ ಇಂದಿನವರೆಗೂ ನಾನು ಯಂತ್ರವನ್ನಲ್ಲ, ಆ ಗೆರೆಯನ್ನು ನೋಡುತ್ತ ಕೆಲಸ ಮಾಡುತ್ತೇನೆ. ಒಂದು ಗೆರೆಯನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿ ಕೊಡಬಹುದಾಗಿತ್ತು. ಸೂಚನಾ ಪತ್ರದಲ್ಲಿ ಒಂದು ಸಾಲಿನಲ್ಲಾದರೂ ಹೇಳಬಹುದಾಗಿತ್ತು. ಜರ್ಮನಿಯ ಫ್ಲೆಕ್ಸ್ ಕಂಪನಿಯ ಎಕ್ಸ್‌ಸಿ 3401ರಂಥ ಯಂತ್ರಗಳಲ್ಲಿ ಗೇರ್ ಪ್ಯಾಡನ್ನು ಬಲವಂತವಾಗಿ ತಿರುಗಿಸುವುದರಿಂದ ಈ ತೊಂದರೆ ಬರುವುದಿಲ್ಲ, ಆದರೆ ಪ್ಯಾಡ್ ನಿಲ್ಲುವುದರಲ್ಲೇ ಹೊಸಬರಿಗೊಂದು ರಕ್ಷಣೆ ಇದೆ ಎಂಬುದನ್ನೂ ಮರೆಯಬಾರದು: ತಪ್ಪಾಗಿ ಒತ್ತಿದರೆ ಯಂತ್ರ ತೇಯುವುದನ್ನೇ ಬಹುಮಟ್ಟಿಗೆ ನಿಲ್ಲಿಸುತ್ತದೆ.

ಅದೇ ಬಾನೆಟ್ಟಿನ ಮೇಲೆ ನಾನು ಬೇಕೆಂದೇ ಇನ್ನೊಂದು ಪ್ರಯೋಗ ಮಾಡಿದೆ. ಬಾನೆಟ್ಟಿನ ಉದ್ದಕ್ಕೂ ಮಡಿಕೆಯಂತೆ ಎದ್ದ ಏಣಿನ ಮೇಲೆ ಯಂತ್ರವನ್ನು ನಿಲ್ಲಿಸಿ ಐದನೆಯ ವೇಗದಲ್ಲಿ ಕದಲಿಸದೆ ಹಿಡಿದೆ. ಇಂಥ ಏಣುಗಳಲ್ಲೂ ಅಂಚುಗಳಲ್ಲೂ ಕ್ಲಿಯರ್ ಕೋಟ್ ಮೊದಲೇ ತೆಳುವಾಗಿರುತ್ತದೆ, ಅಲ್ಲದೆ ಪ್ಯಾಡಿನ ಒತ್ತಡವೆಲ್ಲ ಆ ಸಣ್ಣ ಗೆರೆಯ ಮೇಲೇ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಪ್ಯಾಡಿನ ಅಂಚಿಗೆ ಬಾನೆಟ್ಟಿನ ಕೆಂಪು ಬಣ್ಣ ಹತ್ತಿತು. ಪಾರದರ್ಶಕ ಪದರ ಮುಗಿದು ಕೆಳಗಿನ ಬಣ್ಣವೇ ಸವೆಯುತ್ತಿದೆ ಎಂದು ಅದರರ್ಥ. ಒರೆಸಿದಾಗ ಏಣಿನ ಮೇಲೆ ಬೆರಳಗಲದ ಒಂದು ಮಂಕು ಮಚ್ಚೆ ಉಳಿದಿತ್ತು, ಅದರ ಅಂಚು ನೀರು ಒಣಗಿದ ಕಲೆಯ ಹಾಗೆ ತಿಳಿಯಾಗಿ ಕಾಣುತ್ತಿತ್ತು. ಡಿ.ಎ. ಯಂತ್ರದಿಂದ ಬಣ್ಣ ಸುಡುವುದೇ ಇಲ್ಲ ಎಂದು ಕಿಟ್‌ನ ಪೆಟ್ಟಿಗೆಯ ಮೇಲೆ ಬರೆದಿರುವುದು ಪೂರ್ತಿ ನಿಜವಲ್ಲ. ಸಮತಟ್ಟಾದ ಜಾಗದಲ್ಲಿ ಅದು ಬಲು ಕಷ್ಟ ಎಂದಿದ್ದರೆ ಒಪ್ಪುತ್ತಿದ್ದೆ. ಕಾರಿನ ಮೇಲೆ ಕೆಲಸ ಮಾಡುವಾಗ ಇಂಥ ಏಣುಗಳಿಗೂ, ಬಾಗಿಲಿನ ಅಂಚುಗಳಿಗೂ, ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೂ ಮಾಸ್ಕಿಂಗ್ ಟೇಪ್ ಅಂಟಿಸುವುದನ್ನು ನಾನು ಒಮ್ಮೆಯೂ ತಪ್ಪಿಸಿಲ್ಲ.

ಪೂರ್ವಸಿದ್ಧತೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಂದು ಬಕೆಟ್ ಶಾಂಪೂ ನೀರಿಗೆ, ಇನ್ನೊಂದು ಸ್ಪಂಜಿನ ಕೊಳೆ ತೊಳೆಯಲು, ಹೀಗೆ ಎರಡು ಬಕೆಟ್‌ಗಳ ಪದ್ಧತಿಯಲ್ಲಿ ತೊಳೆದು, ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸಿ, ಅದು ನೇರಳೆ ಬಣ್ಣಕ್ಕೆ ತಿರುಗಿ ಹರಿದ ಮೇಲೆ ಅಂಟಿದ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಕ್ಲೇ ಬಾರ್‌ನಿಂದ ಮೈಯನ್ನು ನುಣುಪು ಮಾಡಿದೆ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿದರೆ ಮೊದಲು ಮರಳುಕಾಗದದಂತೆ ತಾಗುತ್ತಿದ್ದ ಬಾನೆಟ್ ಆಮೇಲೆ ಗಾಜಿನಂತೆ ಜಾರಿತು. ಈ ಹಂತ ಬಿಟ್ಟರೆ ಉಳಿದ ಕಣಗಳನ್ನೇ ಪ್ಯಾಡ್ ಹಿಡಿದುಕೊಂಡು ಹೊಸ ಗೀರುಗಳನ್ನು ಎಳೆಯುತ್ತದೆ. ಕ್ಲೇ ಬಾರ್ ಕಿಟ್‌ನಲ್ಲಿ ಇರಲಿಲ್ಲ, ಇರಬೇಕಾಗಿತ್ತು.

ಕಾರಿನ ಮೇಲಿನ ಮೊದಲ ಪರೀಕ್ಷೆಗೆ ಬಾನೆಟ್ಟಿನ ನಡುವೆ 45 ಸೆಂ.ಮೀ. ಚೌಕವನ್ನು ಟೇಪಿನಿಂದ ಗುರುತು ಮಾಡಿಕೊಂಡೆ. ಮೆದು ಪ್ಯಾಡ್, ಮೆದು ದ್ರವದಿಂದ ಆರಂಭಿಸಿ, ಅದು ಸಾಲದಿದ್ದರೆ ಮಾತ್ರ ಗಟ್ಟಿಯದಕ್ಕೆ ಹೋಗಬೇಕೆಂಬುದು ಈ ಕೆಲಸದ ಮೂಲನಿಯಮ, ಏಕೆಂದರೆ ಒಂದೊಂದು ಕಾರಿನ ಕ್ಲಿಯರ್ ಕೋಟಿನ ಗಡಸುತನ ಒಂದೊಂದು ಬಗೆಯದು ಮತ್ತು ಅದನ್ನು ಕಣ್ಣಿನಿಂದ ನೋಡಿ ಹೇಳಲಾಗದು. ನನ್ನ ಕಾರಿಗೆ ಮೆದು ಪ್ಯಾಡ್ ಸಾಲಲಿಲ್ಲ. ನಡುವಿನ ಗಡಸಿನ ಪ್ಯಾಡ್ ಮತ್ತು ಕಾಂಪೌಂಡಿನ ಜೋಡಿ ಸರಿಹೋಯಿತು. ಬಟಾಣಿ ಗಾತ್ರದ ನಾಲ್ಕು ಹನಿ ಹಾಕಿ, ಯಂತ್ರ ಚಾಲು ಮಾಡುವ ಮೊದಲೇ ಪ್ಯಾಡನ್ನು ಚೌಕದ ತುಂಬ ಒತ್ತಿ ಹರಡಿ, ಒಂದನೆಯ ವೇಗದಲ್ಲಿ ಸವರಿ, ನಂತರ ನಾಲ್ಕೂವರೆಗೆ ಏರಿಸಿ, ಸೆಕೆಂಡಿಗೆ ಸುಮಾರು 2ರಿಂದ 3 ಸೆಂ.ಮೀ. ನಿಧಾನದಲ್ಲಿ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ, ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ, ಹೀಗೆ ಐದು ಸಲ ಓಡಿಸಿದೆ. ಬಿಳಿಯಾಗಿದ್ದ ಕಾಂಪೌಂಡ್ ಮೂರನೆಯ ಸಲಕ್ಕೆ ಎಣ್ಣೆ ಸವರಿದಂತೆ ತಿಳಿಯಾಯಿತು. ಹೊಸಬರ ದೊಡ್ಡ ತಪ್ಪು ಕೈಯ ವೇಗ ಎಂದು ನನ್ನ ಅನುಭವ ಹೇಳುತ್ತದೆ. ಬಟ್ಟೆಗೆ ಇಸ್ತ್ರಿ ಹಾಕುವಾಗಿನ ವೇಗದಲ್ಲಿ ಯಂತ್ರ ಓಡಿಸಿದರೆ ಕಾಂಪೌಂಡ್ ಹರಡುತ್ತದೆಯೇ ಹೊರತು ಏನೂ ತೇಯುವುದಿಲ್ಲ.

ಒರೆಸಿ ಟಾರ್ಚ್ ಹಿಡಿದಾಗ ಕಂಡದ್ದನ್ನು ಮರೆಯುವುದು ಸಾಧ್ಯವಿಲ್ಲ. ಟೇಪಿನ ಈಚೆಗೆ ಜೇಡರ ಬಲೆ ಹಾಗೆಯೇ ಇತ್ತು. ಆಚೆಗೆ, ಒಂದು ಕೂದಲೆಳೆಯ ಅಂತರದಲ್ಲಿ, ಟಾರ್ಚಿನ ಬಿಂಬ ಬಾವಿಯ ನೀರಿನಲ್ಲಿ ಬಿದ್ದ ದೀಪದಂತೆ ಸುತ್ತ ಏನೂ ಇಲ್ಲದೆ ಒಂದೇ ಬಿಂದುವಾಗಿ ನಿಂತಿತ್ತು. ಕಪ್ಪು ಎಷ್ಟು ಆಳದ ಬಣ್ಣವೆಂಬುದು ಏಳು ವರ್ಷ ಆ ಕಾರನ್ನು ಓಡಿಸಿದ ನನಗೆ ಅಂದೇ ತಿಳಿದದ್ದು.

ಇನ್ನು ಆ ಎರಡನೆಯ ಬಾಟಲಿಯ ಮಾತು. ‘ಕೊನೆಯ ಹೊಳಪು’ ಎಂದು ಹೆಸರಿಟ್ಟ ಆ ದ್ರವವನ್ನು ಮೊದಲ ವಾರ ಎಡಬದಿಯ ಎರಡು ಬಾಗಿಲುಗಳ ಮೇಲೆ ಬಳಸಿದೆ. ಮೆದು ಪ್ಯಾಡಿನಲ್ಲಿ ಎರಡೇ ಸಲ ಓಡಿಸಿದರೂ ಗೀರುಗಳು ಮಾಯವಾಗಿ ಕನ್ನಡಿಯಂಥ ಹೊಳಪು ಬಂದಾಗ, ಬಾನೆಟ್ಟಿಗೆ ಸುಮ್ಮನೆ ಅಷ್ಟು ಶ್ರಮಪಟ್ಟೆನಲ್ಲ ಎಂದುಕೊಂಡೆ. ಮೂರನೆಯ ತೊಳೆತಕ್ಕೆ ಗೀರುಗಳು ಒಂದೊಂದಾಗಿ ಮರಳಿ ಬಂದವು. ಆ ದ್ರವದಲ್ಲಿ ತೇಯುವ ಗುಣಕ್ಕಿಂತ ಗೀರು ಮುಚ್ಚುವ ಎಣ್ಣೆ ಮತ್ತು ಫಿಲ್ಲರ್‌ಗಳೇ ಹೆಚ್ಚಾಗಿದ್ದವು. ಗೀರಿನ ಹಳ್ಳವನ್ನು ತುಂಬಿ ಮರೆಮಾಡುವ ಇಂಥ ದ್ರವಗಳಿಗೆ ಗ್ಲೇಜ್ ಎಂಬ ಹೆಸರಿದೆ, ಮತ್ತು ಗ್ಲೇಜ್ ಎಂದೇ ಹೇಳಿ ಮಾರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಕ್ಲಿಯರ್ ಕೋಟ್ ತೀರ ತೆಳುವಾಗಿರುವ ಹಳೆಯ ಕಾರಿಗೆ ಅದೇ ಸೂಕ್ತವೂ ಹೌದು. ಆದರೆ ‘ಗೀರುಗಳನ್ನು ಶಾಶ್ವತವಾಗಿ ತೆಗೆಯುತ್ತದೆ’ ಎಂದು ಬಾಟಲಿಯ ಮೇಲೆ ಅಚ್ಚು ಹಾಕಿ ಕೊಡುವುದು ಕಲಿಯುವವನಿಗೆ ಮಾಡುವ ಅನ್ಯಾಯ, ಏಕೆಂದರೆ ತನ್ನ ಕೈ ಪಳಗಿತೋ ಇಲ್ಲವೋ ಎಂಬುದನ್ನು ತಿಳಿಯುವ ಒಂದೇ ದಾರಿಯನ್ನು ಅದು ಮುಚ್ಚಿಬಿಡುತ್ತದೆ. ಮಾರಾಟ ಮಾಡಿದವರಿಗೆ ಬರೆದೆ. ಇನ್ನಷ್ಟು ಹೊತ್ತು ಪಾಲಿಶ್ ಮಾಡಿ ಎಂಬ ಉತ್ತರ ಬಂತು. ಅಂದಿನಿಂದ ಪ್ರತಿ ಭಾಗವನ್ನೂ ಪಾಲಿಶ್ ಮಾಡಿದ ಕೂಡಲೇ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ ಒರೆಸಿ, ಎಣ್ಣೆಯಂಶವೆಲ್ಲ ಹೋದ ಮೇಲೆ ಉಳಿದದ್ದನ್ನಷ್ಟೇ ಫಲಿತಾಂಶವೆಂದು ಒಪ್ಪುತ್ತೇನೆ. ಆ ಬಾಟಲಿಯ ಬದಲು ಈಗ ಬಳಸುತ್ತಿರುವುದು ಮೆಗ್ವಯರ್ಸ್ ಕಂಪನಿಯ 205 ಎಂಬ ನವಿರು ಪಾಲಿಶ್. ಅದರ ಸಾಣೆಕಣಗಳು ತೇಯುತ್ತ ಹೋದಂತೆ ಒಡೆದು ಸಣ್ಣವಾಗುವ ಜಾತಿಯವಲ್ಲ, ಮೊದಲಿನಿಂದಲೂ ಒಂದೇ ನವಿರಿನವು. ಒಡೆಯುತ್ತ ಹೋಗುವ ಕಣಗಳಿರುವ ದ್ರವವಾದರೆ ಅದನ್ನು ಅರ್ಧಕ್ಕೇ ನಿಲ್ಲಿಸುವಂತಿಲ್ಲ, ಕಣಗಳು ಪೂರ್ತಿ ನವಿರಾಗುವವರೆಗೆ ಓಡಿಸಬೇಕು. ಕಲಿಯುವವನ ಕೈಗೆ ಮೊದಲನೆಯ ಬಗೆ ಹೆಚ್ಚು ಅನುಕೂಲವೆಂದು ನನಗೆ ಕಂಡಿದೆ. ಮೊದಲ ಬಾಟಲಿಯ ಕಾಂಪೌಂಡ್ ಬಗ್ಗೆ ದೂರಿಲ್ಲ. ಧೂಳು ತುಸು ಹೆಚ್ಚು ಎಬ್ಬಿಸುತ್ತದೆ, ಆದ್ದರಿಂದ ಕನ್ನಡಕ ಮತ್ತು ಮಾಸ್ಕ್ ಕಡ್ಡಾಯ.

ಪ್ಯಾಡ್‌ಗಳ ಸಂಖ್ಯೆಯೇ ಈ ಕಿಟ್‌ನ ದೊಡ್ಡ ಕೊರತೆ. ಹೆಚ್ಚು ತೇಯುವುದಕ್ಕೊಂದು, ಪಾಲಿಶ್‌ಗೊಂದು, ಮುಕ್ತಾಯಕ್ಕೊಂದು ಎಂದು ಮೂರೇ ಪ್ಯಾಡ್ ಕೊಟ್ಟಿದ್ದಾರೆ. ತೇಯ್ದ ಕ್ಲಿಯರ್ ಕೋಟಿನ ಪುಡಿ ಮತ್ತು ಹಳೆಯ ಕಾಂಪೌಂಡ್ ಫೋಮಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡಂತೆ ಪ್ಯಾಡ್ ತೇಯುವುದನ್ನು ಬಿಟ್ಟು ಜಾರತೊಡಗುತ್ತದೆ, ಒದ್ದೆಯಾಗಿ ಕಾವೇರುತ್ತದೆ. ಪ್ರತಿ ಚೌಕ ಮುಗಿದ ಕೂಡಲೇ ನೈಲಾನ್ ಬ್ರಷ್‌ನಿಂದ ಉಜ್ಜಿ ಸ್ವಚ್ಛ ಮಾಡಿದರೂ ಒಂದು ಪ್ಯಾಡ್ ಎರಡು ಮೂರು ಭಾಗಗಳಿಗಿಂತ ಹೆಚ್ಚು ಬಾಳುವುದಿಲ್ಲ. ಆಮೇಲೆ ಅದನ್ನು ತೊಳೆದು ಒಣಗಿಸಲೇಬೇಕು. ಇಡೀ ಕಾರಿಗೆ ಒಂದೇ ಬಗೆಯ ಆರು ಪ್ಯಾಡ್‌ಗಳಾದರೂ ಬೇಕು. ಇದು ಗೊತ್ತಿಲ್ಲದೆ ಒಂದೇ ಪ್ಯಾಡಿನಲ್ಲಿ ಬಾನೆಟ್, ಫೆಂಡರ್, ಟಾಪ್ ಮೂರನ್ನೂ ಮುಗಿಸಲು ಹೋದಾಗ, ಟಾಪಿನ ನಡುವೆ ಪ್ಯಾಡಿನ ಹಿಂಬದಿಯ ವೆಲ್ಕ್ರೋ ಪದರ ಕಾವಿಗೆ ಅಂಟು ಬಿಟ್ಟು ಕಳಚಿಕೊಂಡಿತು, ಫೋಮ್ ಪಕ್ಕಕ್ಕೆ ಹಾರಿತು. ತಕ್ಷಣ ಸ್ವಿಚ್ ಬಿಟ್ಟಿದ್ದರಿಂದ ಗಟ್ಟಿ ಪ್ಲೇಟ್ ಬಣ್ಣಕ್ಕೆ ತಾಗಲಿಲ್ಲ. ಆ ಒಂದು ಕ್ಷಣ ಜೀವ ಬಾಯಿಗೆ ಬಂದಿತ್ತು. ಒಂದೊಂದು ಭಾಗ ಮುಗಿದಾಗಲೂ ಪ್ಯಾಡಿನ ನಡುವೆ ಕೈಯಿಟ್ಟು ನೋಡುವುದು, ಬೆಚ್ಚಗಿದ್ದರೆ ಮುಂದುವರಿಸುವುದು, ಸುಡುವಂತಿದ್ದರೆ ಬದಲಿಸುವುದು ಅಂದಿನಿಂದ ಬಂದ ಅಭ್ಯಾಸ. ಪ್ಯಾಡ್‌ಗಳ ಬಣ್ಣವನ್ನು ನೋಡಿ ಮೋಸಹೋಗಬಾರದೆಂಬ ಮಾತನ್ನೂ ಇಲ್ಲೇ ಸೇರಿಸುತ್ತೇನೆ: ಒಂದು ಕಂಪನಿಯ ಕಿತ್ತಳೆ ಪ್ಯಾಡಿಗೂ ಇನ್ನೊಂದರ ಕಿತ್ತಳೆ ಪ್ಯಾಡಿಗೂ ಗಡಸಿನಲ್ಲಿ ಸಂಬಂಧವಿರಬೇಕೆಂದೇನೂ ಇಲ್ಲ.

ಯಂತ್ರದ ಬಗ್ಗೆ ಮಾತ್ರ ಒಳ್ಳೆಯದನ್ನೇ ಹೇಳಬೇಕಾಗಿದೆ. ತೂಕ 2.6 ಕಿಲೋ; ಬಾನೆಟ್ ಮತ್ತು ಟಾಪಿನ ಮೇಲೆ ಅದರ ತೂಕಕ್ಕೆ ಕೈಯ ಭಾರವನ್ನು ತುಸು ಸೇರಿಸಿದರೆ ಸಾಕು. ಸ್ವಿಚ್ ಒತ್ತಿದ ಕೂಡಲೇ ರಭಸದಿಂದ ಚಿಮ್ಮದೆ ಮೆಲ್ಲಗೆ ವೇಗ ಏರುತ್ತದೆ, ಆದ್ದರಿಂದ ಗೋಡೆಗೆ ಕಾಂಪೌಂಡ್ ಸಿಡಿಯುವುದಿಲ್ಲ. ಸುಮಾರು 60 ಗಂಟೆ ಓಡಿಸಿದ ಮೇಲೂ ಬೇರಿಂಗಿನ ಸದ್ದು ಬದಲಾಗಿಲ್ಲ. ಬಾಗಿಲುಗಳ ಮೇಲೆ, ಅಂದರೆ ಯಂತ್ರವನ್ನು ನೆಟ್ಟಗೆ ಎತ್ತಿ ಹಿಡಿಯಬೇಕಾದಲ್ಲಿ, ಒಂದು ಗಂಟೆಗೆ ಮುಂಗೈ ಜೋಮು ಹಿಡಿಯುತ್ತದೆ. ಕೈಗವಸು ಹಾಕಿಕೊಂಡು ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಕೊಟ್ಟರೆ ಸಹಿಸಬಹುದು. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಇಳಿಬಿಟ್ಟುಕೊಳ್ಳಬೇಕು, ಇಲ್ಲವಾದರೆ ಅದೇ ಬಣ್ಣದ ಮೇಲೆ ಉಜ್ಜಿ ಗೀರು ಬೀಳುತ್ತದೆ. ಬಂಪರ್, ಬಾಗಿಲ ಹಿಡಿಕೆಯ ಗುಳಿ, ಕಿಟಕಿಗಳ ನಡುವಿನ ಕಂಬ, ಕನ್ನಡಿಯ ಹಿಂಬದಿ, ಇಲ್ಲೆಲ್ಲ 5 ಇಂಚಿನ ಪ್ಲೇಟ್ ಕೂರುವುದೇ ಇಲ್ಲ. ಅಲ್ಲಿಗೆ 3 ಇಂಚಿನ ಪ್ಲೇಟ್ ಇರುವ ಬೇರೆ ಯಂತ್ರ ಬೇಕು, ಅಥವಾ ಕೈಯಲ್ಲೇ ಸಣ್ಣ ಪ್ಯಾಡ್ ಹಿಡಿದು ಉಜ್ಜಿ ಅರ್ಧ ಫಲಕ್ಕೆ ತೃಪ್ತಿಪಡಬೇಕು. ಈ ಪ್ಲೇಟನ್ನೇ ಬಿಚ್ಚಿ ಚಿಕ್ಕದನ್ನು ಜೋಡಿಸಬಹುದಲ್ಲ ಎನ್ನಿಸುತ್ತದೆ. ಆದರೆ ಯಂತ್ರದೊಳಗಿನ ಸಮತೂಕದ ಭಾರವನ್ನು 5 ಇಂಚಿನ ಪ್ಲೇಟಿಗೆ ಹೊಂದಿಸಿರುವುದರಿಂದ ಅದುರಾಟ ವಿಪರೀತವಾಗುತ್ತದೆ. ಪ್ರಯತ್ನಿಸಿ ಬಿಟ್ಟೆ.

ಬಣ್ಣದ ದಪ್ಪ ಅಳೆಯುವ ಮೀಟರನ್ನು ನಾನು ಪ್ರತ್ಯೇಕವಾಗಿ ಕೊಂಡೆ, ಮತ್ತು ಯಂತ್ರದಷ್ಟೇ ಅಗತ್ಯವೆಂದು ಅದನ್ನು ಪರಿಗಣಿಸುತ್ತೇನೆ. ಅದು ಕ್ಲಿಯರ್ ಕೋಟನ್ನೊಂದನ್ನೇ ಅಳೆಯುವುದಿಲ್ಲ, ಲೋಹದ ಮೇಲಿನ ಎಲ್ಲ ಪದರಗಳ ಒಟ್ಟು ದಪ್ಪವನ್ನು ಹೇಳುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಮೀಟರ್ ಕೆಲಸ ಮಾಡುವುದಿಲ್ಲ. ನನ್ನ ಕಾರಿನ ಬಾನೆಟ್ 118 ಮೈಕ್ರಾನ್ ಆಸುಪಾಸು ತೋರಿಸಿದರೆ ಬಲಗಡೆಯ ಹಿಂಬಾಗಿಲು 240 ತೋರಿಸಿತು. ಆ ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದಾರೆ ಎಂಬುದು ಅಂದು ತಿಳಿಯಿತು. ದಪ್ಪವಿದ್ದ ಮಾತ್ರಕ್ಕೆ ಅಲ್ಲಿ ಧಾರಾಳವಾಗಿ ತೇಯಬಹುದು ಎಂದೇನೂ ಅಲ್ಲ, ಏಕೆಂದರೆ ಆ ದಪ್ಪದಲ್ಲಿ ಪುಟ್ಟಿಯೆಷ್ಟು, ಕ್ಲಿಯರ್ ಕೋಟ್ ಎಷ್ಟು ಎಂಬುದು ಮೀಟರಿಗೆ ಗೊತ್ತಾಗದು. ಬಾನೆಟ್ಟಿನಲ್ಲಿ ಪಾಲಿಶ್‌ಗೆ ಮೊದಲು ಮತ್ತು ನಂತರ ಒಂದೇ ಜಾಗಗಳಲ್ಲಿ ಹತ್ತು ಹತ್ತು ಸಲ ಅಳೆದು ಸರಾಸರಿ ತೆಗೆದಾಗ ವ್ಯತ್ಯಾಸ 2 ಮೈಕ್ರಾನ್ ಬಂತು. ಮೀಟರಿನದೇ ಏರುಪೇರು ಅಷ್ಟಿರುತ್ತದೆ, ಆದ್ದರಿಂದ ಈ ಅಂಕಿಗೆ ಹೆಚ್ಚು ಬೆಲೆ ಕೊಡುವುದಿಲ್ಲ. ಅತಿಯಾಗಿ ತೇಯ್ದಿಲ್ಲ ಎಂಬ ಸಮಾಧಾನಕ್ಕೆ ಮಾತ್ರ ಅದು ಸಾಕು.

ಇಡೀ ಕಾರಿಗೆ ಮೂರು ವಾರಾಂತ್ಯಗಳು, ಒಟ್ಟು 19 ಗಂಟೆ ಹಿಡಿಯಿತು. ಬಾನೆಟ್ ಮತ್ತು ಡಿಕ್ಕಿಯಲ್ಲಿ ಕಾಂಪೌಂಡ್ ಹಂತದ ನಂತರ, ಓರೆ ಬೆಳಕಿನಲ್ಲಿ ಉಸಿರು ಹಾಯಿಸಿದ ಗಾಜಿನಂಥ ನವಿರು ಮಬ್ಬು ಉಳಿದಿತ್ತು. ಗಡಸು ಪ್ಯಾಡು ತನ್ನದೇ ಸೂಕ್ಷ್ಮ ಗುರುತುಗಳನ್ನು ಬಿಡುವುದರಿಂದ ಹೀಗಾಗುತ್ತದೆ, ಕಪ್ಪು ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ. ಮೆದು ಪ್ಯಾಡ್, ನವಿರು ಪಾಲಿಶ್, ಕಡಿಮೆ ವೇಗ, ಯಂತ್ರದ ತೂಕವಷ್ಟೇ ಒತ್ತಡ ಎಂಬ ಎರಡನೆಯ ಸುತ್ತಿನಲ್ಲಿ ಅದೂ ಹೋಯಿತು. ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರಿನವರಿಗೆ ಈ ಎರಡನೆಯ ಸುತ್ತು ಬಹುಶಃ ಬೇಕಾಗುವುದೇ ಇಲ್ಲ. ಕೊನೆಯಲ್ಲಿ ಆಲ್ಕೊಹಾಲಿನಿಂದ ಒರೆಸಿ, ಮೇಲ್ಮೈಯನ್ನು ಕಾಯುವ ಸೀಲಂಟ್ ಹಚ್ಚಿದೆ. ಸೆರಾಮಿಕ್ ಕೋಟಿಂಗ್ ಹಾಕಿಸುವ ಯೋಚನೆಯಿದ್ದವರು ಪಾಲಿಶ್ ಮುಗಿಸಿಯೇ ಹಾಕಿಸಬೇಕು, ಇಲ್ಲವಾದರೆ ಗೀರುಗಳ ಮೇಲೆಯೇ ಗಾಜು ಹಾಕಿ ಮುಚ್ಚಿದಂತಾಗುತ್ತದೆ.

ಕೊಳ್ಳಬಹುದೇ ಎಂದರೆ, ಯಂತ್ರವನ್ನು ಮಾತ್ರ ಬಿಡಿಯಾಗಿ ಕೊಳ್ಳಬಹುದು ಎನ್ನುತ್ತೇನೆ. ಕಿಟ್‌ಗೆ ಕೊಡುವ ಹೆಚ್ಚುವರಿ ಹಣದಲ್ಲಿ ಆರು ಒಳ್ಳೆಯ ಪ್ಯಾಡ್‌ಗಳು, ಒಂದು ನಂಬಿಕಸ್ಥ ಪಾಲಿಶ್, ಒಂದು ಕ್ಲೇ ಬಾರ್ ಮತ್ತು ಹತ್ತು ಮೈಕ್ರೋಫೈಬರ್ ಬಟ್ಟೆಗಳನ್ನು ತೆಗೆದುಕೊಂಡರೆ ಕೆಲಸ ಹಗುರವಾಗುತ್ತದೆ. ಬಣ್ಣ ಎಲ್ಲಾದರೂ ಸಿಪ್ಪೆಯೇಳುತ್ತಿದ್ದರೆ, ಬಿಳಿಚಿ ಸುಣ್ಣದಂತಾಗಿದ್ದರೆ ಯಾವ ಯಂತ್ರವೂ ಬೇಡ. ಅಲ್ಲಿ ಕ್ಲಿಯರ್ ಕೋಟ್ ಆಗಲೇ ಸೋತಿದೆ, ಮತ್ತೆ ಬಣ್ಣ ಹೊಡೆಸುವುದೇ ದಾರಿ.

ಚಾಲಕನ ಬಾಗಿಲ ಮೇಲೆ, ಹಿಡಿಕೆಯ ಕೆಳಗೆ, ಅಂಗೈ ಉದ್ದದ ಒಂದು ಗೀರು ಇನ್ನೂ ಇದೆ. ಉಗುರು ಹಾಯಿಸಿದರೆ ಸಣ್ಣಗೆ ತಡೆಯುತ್ತದೆ, ಅಂದರೆ ಪಾಲಿಶ್‌ನಿಂದ ಪೂರ್ತಿ ತೆಗೆಯಲಾಗದಷ್ಟು ಆಳ. ಕಳೆದ ತಿಂಗಳು ನಡುಗಡಸಿನ ಪ್ಯಾಡಿನಲ್ಲಿ ಅದರ ಮೇಲೆ ನಾಲ್ಕು ಸಲ ಓಡಿಸಿದೆ. ಗೀರಿನ ಚೂಪಾದ ದಂಡೆಗಳು ದುಂಡಾಗಿ, ಬೆಳಕು ಮೊದಲಿನಂತೆ ಅಲ್ಲಿ ಮುರಿಯುವುದಿಲ್ಲ, ಎರಡು ಹೆಜ್ಜೆ ಹಿಂದೆ ಸರಿದರೆ ಕಾಣುವುದೂ ಇಲ್ಲ. ಮೀಟರ್ 104 ತೋರಿಸಿತು. ಅಲ್ಲಿಗೆ ಯಂತ್ರದ ಸ್ವಿಚ್ ಆರಿಸಿ ಪ್ಯಾಡ್‌ಗಳನ್ನು ತೊಳೆಯಲು ಹಾಕಿದೆ.